ಅಸ್ತರಿನ ಒಳಗೆ

ಸೇಡಂ
4 ನವೆಂಬರ್ 2024

ಅವ್ವನಿಗೆ ರಾಧಿಕಾ ಮಾಡುವ ಜೈ ಭೀಮ್.

ಮೊನ್ನೆ ಫೋನಿನಲ್ಲಿ ನಾನು ಅಷ್ಟೊಂದು ಕೂಗಿದರೂ ನಿನಗೆ ಏನೂ ಕೇಳಿಸಲಿಲ್ಲ. ನಾನು "ಚೀಲದ ಒಳಗೆ ಬಕ್ರಂ ಹಾಕಲೇನವ್ವ?" ಎಂದರೆ ನೀನು "ಯಾರ ಬಕ್ರಿ ಹೋಯ್ತು?" ಎಂದು ಮೇಕೆ ಕಳೆದವರಂತೆ ಗಾಬರಿಯಾದೆ. ನಿನ್ನ ಅಳಿಯ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದರು, ತಾಟು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಆಮೇಲೆ ಸಂಕಟವಾಯಿತು. ನಿನ್ನ ಕಿವಿ ಇಷ್ಟು ಮಂದವಾದದ್ದು ನನಗೆ ತಿಳಿದೇ ಇರಲಿಲ್ಲ. ಇನ್ನು ಮೇಲೆ ಬರೆದೇ ಕೇಳುತ್ತೇನೆ. ಬಟ್ಟೆಯ ಫೋಟೋ ಕಳಿಸಿದರೂ ನೀನು ನೋಡುವವಳಲ್ಲ, ಬೆರಳಿಗೆ ಹತ್ತಬೇಕು ಎನ್ನುತ್ತೀ. ಅದಕ್ಕೇ ಈ ಕಾಗದಕ್ಕೆ ಮೂರು ತುಂಡು ಪಿನ್ ಮಾಡಿದ್ದೇನೆ. ಚಿಂಚೋಳಿ ಬಸ್ಸಿನ ಕಂಡಕ್ಟರ್ ದಿಲೀಪಣ್ಣ ನೀನು ಅಡುಗೆ ಮಾಡುವ ಹಾಸ್ಟೆಲಿನ ಗೇಟಿನಲ್ಲಿ ಕೊಟ್ಟು ಹೋಗುತ್ತೇನೆ ಎಂದಿದ್ದಾರೆ.

ವಿಷಯ ಏನೆಂದರೆ, ಚಿತ್ತಾಪುರದ ಉಮಾದೇವಿ ಟೀಚರ್ ಮಗಳ ಮದುವೆ ಡಿಸೆಂಬರಿನಲ್ಲಿದೆ. ಬಂದವರಿಗೆಲ್ಲ ಎಲೆ, ಅಡಿಕೆ, ಕೊಬ್ಬರಿ ಹಾಕಿ ಕೊಡಲು ಬಟ್ಟೆಯ ಚೀಲ ಬೇಕಂತೆ. ಇಷ್ಟು ದೊಡ್ಡ ಕೆಲಸ ನನಗೆ ಮೊದಲ ಸಲ. ಹೊರಗಿನ ಬಟ್ಟೆ ತೆಳುವಾಗಿದೆ, ಒಳಗೆ ಏನಾದರೂ ಕೊಡದಿದ್ದರೆ ಚೀಲ ನಿಲ್ಲುವುದೇ ಇಲ್ಲ, ತೊಯ್ದ ದುಪಟ್ಟಾದಂತೆ ಜೋಲುತ್ತದೆ. ಶಹಾಬಾದಿಗೆ ಹೋಗಿ ಬಂದೇಅಲಿ ಚಾಚಾನ ಅಂಗಡಿಯಲ್ಲಿ ಕೇಳಿದೆ. "ಬೇಟಿ, ಈ ಪೇಸ್ಟಿಂಗ್ ಒಯ್ಯಿ. ಇಸ್ತ್ರಿ ಇಟ್ರ ಹತ್ಕೋತದ. ಈಗೆಲ್ಲಾ ಬ್ಯಾಗ್ ಮಾಡೋರು ಇದೇ ಒಯ್ಯಾಕತ್ತಾರ" ಎಂದರು. ನನಗೂ ಮನಸ್ಸಾಯಿತು, ಆದರೆ ನಿನ್ನನ್ನು ಕೇಳದೆ ತರಲಿಲ್ಲ, ಮೂರು ಬಗೆಯ ತುಂಡು ಮಾತ್ರ ಇಸಿದುಕೊಂಡು ಬಂದೆ.

ಇನ್ನೊಂದು ಚೀಲವೂ ಇದೆ. ಹೋದ ವಾರ ನಮ್ಮ ಮನೆ ನೋಡಿ ಬರಲು ವಾಡಿಗೆ ಹೋಗಿದ್ದೆ. ನಮ್ಮ ಓಣಿಯ ಹಣಮಮ್ಮಾಯಿ ಈಗಲೂ ದಿನಾ ಮಧ್ಯಾಹ್ನ ರಾವೂರದ ಕಲ್ಲುಖಣಿಯ ಮಂದಿಗೆ ರೊಟ್ಟಿ, ಬ್ಯಾಳಿ ಸಾರು ಮಾರಲು ಒಯ್ಯುತ್ತಾಳೆ. ಸಿಮೆಂಟ್ ಚೀಲ ಕತ್ತರಿಸಿ ತಾನೇ ಹೊಲಿದುಕೊಂಡ ಚೀಲದಲ್ಲಿ! "ನಿಮ್ಮವ್ವ ಖಣಿಗಿ ಹೋಗಾಕಿ, ನಾ ನಿನ್ನ ತೊಡಿ ಮ್ಯಾಲ ಹಾಕ್ಕೊಂಡು ರೊಟ್ಟಿ ಬಡ್ಯಾಕಿ. ಈಗ ಊರಿಗೆಲ್ಲಾ ಚೀಲ ಹೊಲೀತಿ, ನನಗೊಂದು ಹೊಲ್ಯಂಗಿಲ್ಲೇನು?" ಎಂದಳು. ಹೂವಿನ ಬಟ್ಟೆ ಬೇಕಂತೆ. ಅವಳಿಗೂ ಒಂದು ಹೊಲಿಯುತ್ತೇನೆ.

ಯಾವುದಕ್ಕೆ ಯಾವುದು, ಬೇಗ ಬರೆ.

ನಿನ್ನ ಮಗಳು
ರಾಧಿಕಾ

•

ಚಿಂಚೋಳಿ
9 ನವೆಂಬರ್ 2024

ಮಗಳೇ,

ಜೈ ಭೀಮ್. ದಿಲೀಪ ಕಾಗದ ಕೊಟ್ಟ. ಹುಡುಗಿಯರ ಊಟ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ಬೆಳಕಿಗೆ ಕುಳಿತು ಓದಿದೆ. ಬಕ್ರಿಯ ಮಾತಿಗೆ ನನಗೂ ನಗು ಬಂತು. ನೀನು ಸಂಕಟಪಡಬೇಡ. ಕಿವಿ ಹೋದ ಮೇಲೆ ಮಂದಿ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ, ನೀನು ಇಷ್ಟುದ್ದ ಬರೆದೆಯಲ್ಲ, ಅದೇ ಬಹಳ.

ತುಂಡುಗಳನ್ನು ಮುಟ್ಟಿ ನೋಡಿದೆ. ಒಂದು ಬದಿಗೆ ಸಕ್ಕರೆ ಅಂಟಿದಂತೆ ಚುಕ್ಕಿ ಚುಕ್ಕಿ ಇರುವುದು ಪೇಸ್ಟಿಂಗ್. ಅದರಿಂದ ಚೀಲ ನುಣ್ಣಗೆ, ಅಂಗಡಿಯದರಂತೆ ಕಾಣುತ್ತದೆ. ಟೀಚರಮ್ಮನ ಮದುವೆಗೆ ಅದನ್ನೇ ಹಾಕು. ಎಲೆ ಅಡಿಕೆಗೆ ಅದು ಸಾಕು. ರಟ್ಟಿನಂತೆ ಬಿರುಸಾಗಿರುವ ಬಕ್ರಂ ಬೇಡ. ಮಡಚಿದಲ್ಲಿ ಮುರಿದ ಗೆರೆ ಬೀಳುತ್ತದೆ, ಒಮ್ಮೆ ತೊಳೆದರೆ ಸತ್ತು ಹೋಗುತ್ತದೆ. ಮೂರನೆಯದು ಕ್ಯಾನ್ವಾಸ್, ದಪ್ಪ ನೂಲಿನ ನೇಯ್ಗೆ. ಹಣಮಮ್ಮಕ್ಕನ ಚೀಲಕ್ಕೆ ಅದೇ ಆಗಬೇಕು, ಬೇರೆ ಯಾವುದೂ ಬೇಡ.

ಯಾಕೆಂದು ಹೇಳುತ್ತೇನೆ. ಪೇಸ್ಟಿಂಗ್ ತುಂಡನ್ನು ಒಂದು ಚಿಂದಿಗೆ ಇಸ್ತ್ರಿ ಮಾಡಿ ಅಂಟಿಸಿ, ಬಿಸಿ ಅನ್ನದ ಪಾತ್ರೆಯ ಕೆಳಗೆ ಇಟ್ಟೆ. ಹುಡುಗಿಯರು ಉಂಡು ಏಳುವಷ್ಟರಲ್ಲಿ ಮೂಲೆ ಎದ್ದಿತ್ತು. ಬಿಸಿಯಿಂದ ಅಂಟಿದ್ದು ಬಿಸಿಯಿಂದಲೇ ಬಿಡುತ್ತದೆ. ಅದು ಬಿಟ್ಟರೆ ಎಲ್ಲ ಭಾರ ಹೊರಗಿನ ತೆಳು ಬಟ್ಟೆಯ ಮೇಲೆ. ಚೀಲ ಹೊಲಿಯುವ ಮುಂಚೆ ಅದರ ಮೇಲೆ ಯಾವ ಹೂವು ಎಂದು ಕೇಳುವುದಕ್ಕಿಂತ ಅದರೊಳಗೆ ಏನು ಕೂರುತ್ತದೆ ಎಂದು ಕೇಳಬೇಕು.

ಕ್ಯಾನ್ವಾಸನ್ನು ಮೊದಲು ನೀರಿನಲ್ಲಿ ನೆನೆಸು, ಪೂರ್ತಿ ಒಣಗಿಸು. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಸುತ್ತಲೂ ಹೊಲಿಗೆ ಹಾಕಿ ಹಿಡಿಸು. ಹಿಡಿಕೆಯ ಪಟ್ಟಿ ಬಾಯಿಯ ಹತ್ತಿರ ನಿಲ್ಲಬಾರದು, ತಳದ ಕೆಳಗಿಂದ ಸುತ್ತಿ ಆಚೆ ಬದಿಗೆ ಬರಬೇಕು. ಆಗ ಡಬ್ಬಿ ಆ ಪಟ್ಟಿಯ ಮೇಲೆಯೇ ಕುಳಿತುಕೊಳ್ಳುತ್ತದೆ. ಕೈ ನೋಯುತ್ತದೆ, ಸೂಜಿ ಮುರಿಯುತ್ತದೆ, ಆದರೂ ಮಾಡು. ನಾನೂ ಇಲ್ಲಿ ಹುಡುಗಿಯರ ಪುಸ್ತಕಕ್ಕೆಂದು ಅದೇ ಕ್ಯಾನ್ವಾಸ್ ಕೊಟ್ಟು ಚೀಲ ಹೊಲಿಯುತ್ತಿದ್ದೇನೆ. ಯಾರಿಗೂ ಹೇಳಿಲ್ಲ, ಬೇಸರ ಕಳೆಯಲು.

ಅಳಿಯ ಸೂರ್ಯಕಾಂತನಿಗೆ ಕೇಳಿದೆನೆಂದು ಹೇಳು.

ನಿನ್ನ ಅವ್ವ
ಅನಸುಬಾಯಿ

•

ಸೇಡಂ
30 ನವೆಂಬರ್ 2024

ಅವ್ವಾ,

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಮದುವೆಯ ಚೀಲ ಎಲ್ಲ ಮುಗಿದವು. ನೀನು ಹೇಳಿದಂತೆ ಪೇಸ್ಟಿಂಗ್ ಕೊಟ್ಟೆ. ಉಮಾದೇವಿ ಟೀಚರ್ ತಾವೇ ಚಿತ್ತಾಪುರದಿಂದ ಬಂದು ನೋಡಿದರು. ಬೆರಳಾಡಿಸಿ ನೋಡಿ, "ಇದು ಫ್ಯಾಕ್ಟರ್ಯಾಗ ಮಾಡಿದಂಗ ಅದಲ್ಲವಾ!" ಎಂದರು. ಹೇಳಿದ ದಿನಕ್ಕಿಂತ ಮೊದಲೇ ಬೇಕು ಎಂದು ಅವಸರ ಮಾಡಿದ್ದರು, ಬೆನ್ನು ಮುರಿದು ಹೋಯಿತು. ನಡುವೆ ಮೋಡ ಹಾಕಿ ನಾಲ್ಕು ದಿನ ಬಿಸಿಲೇ ಇರಲಿಲ್ಲ.

ಹಣಮಮ್ಮಾಯಿಯ ಚೀಲವನ್ನೂ ಹೊಲಿದು ಕೊಟ್ಟು ಬಂದೆ. ನೀಲಿ ಬಟ್ಟೆ, ಮೇಲೆ ಕೆಂಪು ಹೂವು. ಓಣಿಗೆಲ್ಲ ತೋರಿಸಿದಳು. ಅದಕ್ಕೂ ನೀನು ಹೇಳಿದಂತೆಯೇ ಹಾಕಿದ್ದೇನೆ. ನೀನು ಅದರ ಚಿಂತೆ ಮಾಡಬೇಡ.

ಚಳಿ ಶುರುವಾಗಿದೆ. ಬೆಳಗಿನ ಜಾವ ತಣ್ಣೀರಲ್ಲಿ ಕೈ ಹಾಕಬೇಡ.

ರಾಧಿಕಾ

•

ಸೇಡಂ
19 ಡಿಸೆಂಬರ್ 2024

ಅವ್ವಾ,

ಒಂದು ಕೆಟ್ಟ ಸುದ್ದಿ. ನೀನು ಗಾಬರಿಯಾಗಬೇಡ, ಜೀವಕ್ಕೆ ಏನೂ ಇಲ್ಲ.

ಹಣಮಮ್ಮಾಯಿ ರಾವೂರದಲ್ಲಿ ಟಂಟಂ ಆಟೋದಿಂದ ಇಳಿಯುವಾಗ ಬ್ಯಾಳಿಯ ಡಬ್ಬಿ ಬಿದ್ದು ಎರಡೂ ಕಾಲಿನ ಮೇಲೆ ಚೆಲ್ಲಿದೆ. ಒಲೆಯಿಂದ ಇಳಿಸಿದ ಕೂಡಲೇ ತುಂಬಿ ಮುಚ್ಚಿದ್ದಂತೆ. ಖಣಿಯ ಮಂದಿಯೇ ನೀರು ಸುರಿದು ದವಾಖಾನೆಗೆ ಒಯ್ದರು. ಬಲಗಾಲು ಮೊಣಕಾಲಿನಿಂದ ಕೆಳಗೆ ಪೂರ್ತಿ ಸುಟ್ಟಿದೆ. ಎಡಗಾಲು ಪಾದ ಮಾತ್ರ. ಚೀಲದ ಹಿಡಿಕೆ ಕಿತ್ತಿದ್ದಂತೆ.

ನಾನು ಹೋಗಿ ಬಂದೆ. ನನ್ನನ್ನು ನೋಡಿದೊಡನೆ ಅವಳು ಏನು ಅಂದಳು ಗೊತ್ತೇ? "ನಿನ್ನ ಚೀಲ ಹಾಳ್ ಮಾಡ್ದೆ ನೋಡವ್ವ. ನಾನೇ ಭಾಳ ತುಂಬಿದ್ದೆ. ಕೈ ಸಡ್ಲ ಆಗ್ಯಾವ ಈಗ, ವಯಸ್ಸಾಯ್ತು, ಝೋಲಿ ಹೊಡ್ದು ಜಗ್ಗಿಬಿಟ್ಟೆ." ನನ್ನ ಕೈ ಹಿಡಿದುಕೊಂಡು ಹೇಳಿದಳು. ಪಕ್ಕದ ಮನೆಯ ಶಹರಬಾನು ಚಾಚಿ ಗಂಜಿ ಕುಡಿಸುತ್ತಿದ್ದರು. ನಾನು ಒಯ್ದ ಬಿಸ್ಕೀಟು, ಮೋಸಂಬಿ ಅಲ್ಲೇ ಇಟ್ಟು, ಬಸ್ಸಿದೆ ಎಂದು ಎದ್ದು ಬಂದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಮತ್ತೆ ಬರೆಯುತ್ತೇನೆ.

ರಾಧಿಕಾ

•

ಚಿಂಚೋಳಿ
26 ಡಿಸೆಂಬರ್ 2024

ರಾಧಿಕಾ,

ನಿನ್ನ ಕಾಗದ ಓದಿದ ದಿನದಿಂದ ಕೆಲಸದ ಮೇಲೆ ಗಮನವಿಲ್ಲ. ಹುಡುಗಿಯರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅಕ್ಕ ತನ್ನ ಕೈ ಸಡಿಲವಾಯಿತು ಎನ್ನುತ್ತಾಳೆ. ಅದಲ್ಲ. ಅವಳ ಕೈ ನನಗೆ ಗೊತ್ತಿದೆ, ಸಿಮೆಂಟ್ ಚೀಲದಲ್ಲಿ ಇಷ್ಟು ವರ್ಷ ಎತ್ತಿದವಳು. ತಪ್ಪು ನನ್ನದು. ನಿನಗೆ ಕ್ಯಾನ್ವಾಸ್ ಹಾಕು ಎಂದು ಅಷ್ಟು ಗಟ್ಟಿಯಾಗಿ ಹೇಳಿದವಳು ನಾನು. ಕಳಿಸಿದ ತುಂಡು ಅಂಗೈಯಷ್ಟಿತ್ತು, ಅಷ್ಟರಲ್ಲೇ ತಿಳಿದುಬಿಟ್ಟಿತು ಎಂದು ಬರೆದೆ. ಈಗಿನ ಮಾಲು ಮೊದಲಿನಂತೆ ಇರುವುದಿಲ್ಲವೇನೋ. ನೂಲು ಕೊಳೆತಿತ್ತೋ, ನೇಯ್ಗೆ ಸಡಿಲವಿತ್ತೋ. ಪೇಸ್ಟಿಂಗಿನ ತುಂಡನ್ನು ಬಿಸಿ ಪಾತ್ರೆಯ ಕೆಳಗೆ ಇಟ್ಟು ನೋಡಿದೆ, ಕ್ಯಾನ್ವಾಸನ್ನು ಜಗ್ಗಿ ಕೂಡ ನೋಡಲಿಲ್ಲ. ನನ್ನ ಬೆರಳಿನ ಮೇಲೆ ನನಗೆ ಅಷ್ಟು ಸೊಕ್ಕು.

ಹುಡುಗಿಯರ ಚೀಲಗಳನ್ನು ಎಲ್ಲ ವಾಪಸು ಇಸಿದುಕೊಂಡೆ. ಅವರು ಕೊಡಲು ಒಲ್ಲೆ ಅಂದರು. "ಆಯಿ, ಗಟ್ಟಿ ಅವ ರೀ, ಇರ್ಲಿ ಬಿಡ್ರಿ" ಎಂದರು. ಕೇಳಲಿಲ್ಲ. ಮೂರು ಸಂಜೆ ಕೂತು ಎಲ್ಲವನ್ನೂ ಬಿಚ್ಚಿದೆ. ಯಾರದಾದರೂ ಕೈಯಲ್ಲಿ ಕಿತ್ತು, ಮೆಟ್ಟಿಲ ಮೇಲೆ ಯಾವ ಹುಡುಗಿಯಾದರೂ ಎಡವಿ ಬಿದ್ದರೆ ನಾನು ಯಾರಿಗೆ ಮುಖ ತೋರಿಸಲಿ?

ಸಂಕ್ರಾಂತಿಗೆ ರಜೆ ಕೇಳಿದ್ದೇನೆ. ವಾಡಿಗೆ ಹೋಗಿ ಅಕ್ಕನಿಗೆ ಮಾಫ್ ಕೇಳುತ್ತೇನೆ. ನಿನ್ನದು ಏನೂ ತಪ್ಪಿಲ್ಲ ಮಗಳೇ, ನೀನು ಹೇಳಿದಂತೆ ಕೇಳಿದೆ. ಅದಕ್ಕೆ ನೀನು ಅಳಬೇಡ.

ನಿನ್ನ ಅವ್ವ

•

ಸೇಡಂ
3 ಜನವರಿ 2025

ಅವ್ವಾ,

ನೀನು ವಾಡಿಗೆ ಹೋಗಬೇಡ. ಚಳಿ ಬಹಳ ಇದೆ, ಎರಡು ಬಸ್ಸು ಬದಲಿಸಬೇಕು. ಹಣಮಮ್ಮಾಯಿಗೆ ಈಗ ಆರಾಮಾಗುತ್ತಿದೆ. ನಿನ್ನ ತಪ್ಪೇನೂ ಇಲ್ಲ. ನಿಜವಾಗಿಯೂ ಇಲ್ಲ. ನಾನು ಆಣೆ ಮಾಡಿ ಹೇಳುತ್ತೇನೆ, ನಂಬು. ಹುಡುಗಿಯರ ಚೀಲ ಬಿಚ್ಚಬಾರದಿತ್ತು.

ನಿನಗೆ ಒಂದು ಮಾತು ಬರೆಯಬೇಕೆಂದು ಮಧ್ಯಾಹ್ನದಿಂದ ಕುಳಿತಿದ್ದೇನೆ. ಈಗ ದಿಲೀಪಣ್ಣನ ಬಸ್ಸಿನ ಹೊತ್ತಾಯಿತು. ಮುಂದಿನ ಸಲ ಬರೆಯುತ್ತೇನೆ.

ಹೋಗಬೇಡ ಅವ್ವ.

ರಾಧಿಕಾ

•

ಚಿಂಚೋಳಿ
17 ಜನವರಿ 2025

ರಾಧಿಕಾ,

ವಾಡಿಗೆ ಹೋಗಿ ಬಂದೆ. ಬಂದು ಎರಡು ದಿನ ಬರೆಯಲಿಲ್ಲ. ಈಗ ಬರೆಯುತ್ತೇನೆ, ನಡೆದದ್ದನ್ನು ನಡೆದಂತೆ.

ಅಕ್ಕ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ನಾನು ಅವಳ ಹತ್ತಿರ ಕುಳಿತು ಕಾಲು ಮುಟ್ಟಿದೆ. ಗಾಯವಿಲ್ಲದ ಜಾಗ ಹುಡುಕಿ ಮುಟ್ಟಬೇಕಾಯಿತು. "ನಾ ಹೇಳಿದ ಕ್ಯಾನ್ವಾಸೇ ಹಾಕ್ಯಾಳ ಅಕ್ಕ. ನನ್ನ ಅಂದಾಜ ತಪ್ಪಿತು. ನನಗ ಮಾಫ್ ಮಾಡು" ಎಂದೆ. ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ಎಲ್ಲಿ ಕಿತ್ತಿದೆ ನೋಡೋಣ, ಮುಂದೆ ಯಾರಿಗೂ ಹೀಗಾಗಬಾರದು ಎಂದು ಚೀಲ ಕೇಳಿದೆ. ಅದನ್ನು ತೊಳೆಸಿ ಮೊಳೆಗೆ ತೂಗುಹಾಕಿಸಿದ್ದಳು. "ಹೂ ಭಾಳ ಛಂದ ಅವ, ತಿಪ್ಪಿಗಿ ಒಗೀಲಾಕ ಮನಸ್ ಬರ್ಲಿಲ್ಲ" ಎಂದಳು.

ಹಿಡಿಕೆ ಕಿತ್ತ ತೂತಿನಲ್ಲಿ ಕೈ ಹಾಕಿದೆ. ಹೊರಬಟ್ಟೆಗೂ ಅಸ್ತರಿಗೂ ನಡುವೆ ನನ್ನ ಬೆರಳಿಗೆ ಕ್ಯಾನ್ವಾಸ್ ಹತ್ತಲಿಲ್ಲ. ತೊಯ್ದ ಕಾಗದದಂತಹದು ಮುದ್ದೆಯಾಗಿ ಸಿಕ್ಕಿತು. ಬಟ್ಟೆಯ ಒಳಮೈಗೆ ಚುಕ್ಕಿ ಚುಕ್ಕಿ ಅಂಟು ಒಣಗಿತ್ತು. ಪಟ್ಟಿಯೂ ತಳದ ಕೆಳಗೆ ಹೋಗಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅಕ್ಕ ನನ್ನ ಮುಖ ತಿರುಗಿಸಿ, ನನಗೆ ಕೇಳಿಸಲಿ ಎಂದು ಕಿವಿಯ ಹತ್ತಿರ ಬಾಯಿ ತಂದು, "ಬಿಡು ಅನಸೂ, ನೀ ಏನ್ ಬೇಕಂತ ಮಾಡೀಯೇನು? ನನ್ನ ಮನಸಿನ್ಯಾಗ ಏನಿಲ್ಲ" ಎಂದಳು. ನನ್ನ ಕೈ ಇನ್ನೂ ಚೀಲದೊಳಗೇ ಇತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ನಿನ್ನ ಹೆಸರು ಹೇಳಬೇಕಾಗುತ್ತಿತ್ತು. ಚೀಲವನ್ನು ಮತ್ತೆ ಮೊಳೆಗೆ ಹಾಕಿದೆ. ಅವಳು ತರಿಸಿ ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.

ಅಕ್ಕ ನನಗೆ ಮಾಫ್ ಮಾಡಿದ್ದಾಳೆ. ನಾನು ಮಾಡದ ತಪ್ಪಿಗೆ ಸಿಕ್ಕಿದ್ದು ಅದು, ನನಗೆ ಉಪಯೋಗವಿಲ್ಲ. ನಿನಗೆ ಕೊಟ್ಟುಬಿಡೋಣವೆಂದರೆ ಅದೂ ಬರುವುದಿಲ್ಲ. ನಿನ್ನದನ್ನು ನೀನೇ ಹೋಗಿ ಕೇಳಬೇಕು. ಎಲ್ಲ ತಿಳಿದ ಮೇಲೂ ಅವಳ ಮುಂದೆ ಸುಮ್ಮನೆ ಕುಳಿತೆನಲ್ಲ, ಅದಕ್ಕೆ ನಾನು ಬೇರೆಯೇ ಕೇಳಬೇಕಾಗಿದೆ. ನೀನು ನಿಜ ಹೇಳಿದರೆ ನನ್ನ ಸುಳ್ಳೂ ಹೊರಗೆ ಬರುತ್ತದೆ ಎಂದು ಹಿಂಜರಿಯಬೇಡ. ಬರಲಿ.

ಬಿಚ್ಚಿದ ಚೀಲಗಳನ್ನು ಮತ್ತೆ ಹೊಲಿಯುತ್ತಿದ್ದೇನೆ. ಹುಡುಗಿಯರು, "ಯಾಕ ಬಿಚ್ಚಿದ್ರಿ, ಯಾಕ ಹೊಲೀಲಿಕತ್ತೀರಿ ಆಯಿ?" ಎಂದು ಕೇಳುತ್ತಾರೆ. ಕೇಳಿಸದವಳಂತೆ ಇರುತ್ತೇನೆ.

ಒಂದು ಮಾತು. ಚಿಕ್ಕವಳಿದ್ದಾಗ ನೀನು ಓರೆ ಹೊಲಿದರೆ ನಾನು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ನೀನು ಅಳುತ್ತಿದ್ದರೂ ಬಿಡುತ್ತಿರಲಿಲ್ಲ. "ನೀನು ಹೇಳಿದಂತೆ ಮಾಡಲಿಲ್ಲ ಅವ್ವ" ಎಂದು ಒಂದು ಸಾಲು ಬರೆಯಲಾರದಷ್ಟು ಹೆದರಿಕೆ ನಿನಗೆ ನನ್ನಿಂದಲೇ ಬಂತೇ? ಉತ್ತರ ಬರೆಯದಿದ್ದರೂ ನಡೆಯುತ್ತದೆ.

ಅನಸುಬಾಯಿ

•

ವಾಡಿ
2 ಫೆಬ್ರುವರಿ 2025

ಅವ್ವಾ,

ನಿನ್ನ ಕಾಗದವನ್ನು ನಿನ್ನ ಅಳಿಯನಿಗೆ ಓದಿ ತೋರಿಸಿದೆ. ಅವರಿಗೂ ನಾನು ಏನೂ ಹೇಳಿರಲಿಲ್ಲ. "ಹೋಗು. ಮುಗಿಸ್ಕೊಂಡೇ ಬಾ" ಎಂದರು. ಮೊನ್ನೆ ವಾಡಿಗೆ ಬಂದು ನಮ್ಮ ಮನೆಯ ಬೀಗ ತೆಗೆದು ಇಲ್ಲೇ ಇದ್ದೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಎಲ್ಲವನ್ನೂ ನಿನ್ನ ಮೇಲೆ ಹಾಕಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕ್ಯಾನ್ವಾಸ್ ತಂದಿದ್ದೆ ಅವ್ವ. ನೆನೆಸಿಯೂ ಇಟ್ಟಿದ್ದೆ. ಮೋಡಕ್ಕೆ ಒಣಗಲಿಲ್ಲ. ಅರೆ ಒಣಗಿದ್ದನ್ನೇ ಮಶೀನಿಗೆ ಕೊಟ್ಟೆ, ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ಮದುವೆಯ ಚೀಲ ಹೊಲಿದು ಮಿಕ್ಕ ಪೇಸ್ಟಿಂಗ್ ಪಕ್ಕದಲ್ಲೇ ಬಿದ್ದಿತ್ತು. ಹಣಮಮ್ಮಾಯಿ ನಮ್ಮವಳೇ, ಹೇಗೆ ಕೊಟ್ಟರೂ ನಡೆಯುತ್ತದೆ ಎಂದುಕೊಂಡೆ. ಮದುವೆಗೆ ಬಂದ ಮಂದಿ ಒಂದು ಹೊತ್ತು ಕೈಯಲ್ಲಿ ಹಿಡಿದು ಮೂಲೆಗೆ ಎಸೆಯುವ ಚೀಲಕ್ಕೆ ಎರಡೆರಡು ಸಲ ಇಸ್ತ್ರಿ ಮಾಡಿದ್ದೆ. ದಿನಾ ಬಿಸಿ ಬ್ಯಾಳಿ ಹೊರುವವಳ ಚೀಲವನ್ನು ಅರ್ಧ ತಾಸಿನಲ್ಲಿ ಮುಗಿಸಿದೆ. ಈ ಮಾತು ಎಷ್ಟು ಸಲ ನೆನೆದರೂ ನನಗೆ ಹೇಸಿಗೆಯಾಗುತ್ತದೆ.

ಆಯಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಂತಿತು.

"ನಿಮ್ಮವ್ವಗ ಗೊತ್ತಿತ್ತೇನು?" ಎಂದಳು.

"ಮಾಫ್ ಕೇಳಾಗ ಗೊತ್ತಿದ್ದಿಲ್ಲ ಆಯಿ. ಚೀಲದಾಗ ಕೈ ಹಾಕಿದಾಗ ಗೊತ್ತಾಗ್ಯಾದ."

"ಅಂದ್ರ ನನ್ನ ಚಹಾ ಕುಡಿಯಾಗ ಗೊತ್ತಿತ್ತು."

"ಹೂಂ ಆಯಿ" ಎಂದೆ.

"ಕಾಲ್ ಸುಟ್ಟಿದ್ದು ಹೋಗ್ಲಿ, ಅದು ಮಾಯ್ತದ. ನನ್ನ ಕೈ ಹೋದ್ವು ಅಂತ ತಿಳ್ಕೊಂಡಿದ್ದೆ ನಾನು. ಇಷ್ಟ್ ದಿನ ಈ ಕೈ ನೋಡಿ ನೋಡಿ ಅತ್ತೀನಿ. ಇನ್ನ ದಂಧಾ ಆಗಂಗಿಲ್ಲ, ಬಿಟ್ಟುಬಿಡ್ತೀನಿ ಅಂತ ಖಣಿ ಮಂದಿಗಿ ಹೇಳಿ ಕಳಸೀನಿ. ನೀ ಬಂದು ನನ್ನ ಕೈ ಹಿಡ್ಕೊಂಡು ಕುಂತಿದ್ದಿ, ಒಂದ್ ಮಾತ್ ಆಡ್ಲಿಲ್ಲ. ನಿಮ್ಮವ್ವನೂ ಆಡ್ಲಿಲ್ಲ. ಇಬ್ಬರೂ ಕೂಡಿ ನನಗ ಮುದುಕಿ ಮಾಡಿಬಿಟ್ರಿ. ಹೊರಗ ನಡಿ."

ನಡೆದೆ. ಶಹರಬಾನು ಚಾಚಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರೂ ನನ್ನನ್ನು ಒಳಗೆ ಬಾ ಎನ್ನಲಿಲ್ಲ.

ಅವಳು ನನಗೆ ಮಾಫ್ ಮಾಡಿಲ್ಲ ಅವ್ವ. ನಿನಗೆ ಮಾಡಿದ್ದನ್ನೂ ಹಿಂದಕ್ಕೆ ತೆಗೆದುಕೊಂಡಳು ಎಂದು ತಿಳಿಯಬೇಕು. ಆದರೂ ನಾನು ಈಗಲೇ ಸೇಡಂಗೆ ಹೋಗುವುದಿಲ್ಲ. ಏನು ಮಾಡಬೇಕು ಎಂದು ಇನ್ನೂ ತಿಳಿದಿಲ್ಲ.

ರಾಧಿಕಾ

•

ಚಿಂಚೋಳಿ
8 ಫೆಬ್ರುವರಿ 2025

ಮಗಳೇ,

ಅಕ್ಕ ಅಂದದ್ದು ಸರಿಯಾಗಿಯೇ ಇದೆ. ಅವಳ ಕೈಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನನ್ನ ಮಗಳ ಹೆಸರು, ನನ್ನ ಬೆರಳಿನ ಹೆಸರು, ಅಷ್ಟೇ ಯೋಚಿಸಿದೆ.

ಅಲ್ಲೇ ಇರು. ಬೈದರೆ ಬೈಸಿಕೋ. ಮಾತಾಡದಿದ್ದರೆ ಕೆಲಸ ಮಾಡು. ಪರೀಕ್ಷೆ ಹತ್ತಿರ ಬಂದಿದೆ, ವಾರ್ಡನ್ ಮೇಡಂ ನನಗೆ ರಜೆ ಕೊಡುವುದಿಲ್ಲ. ಕೊಟ್ಟರೂ ಅವಳು ಕರೆಯದೆ ಆ ಹೊಸ್ತಿಲು ತುಳಿಯಲು ನನಗೆ ಧೈರ್ಯವಿಲ್ಲ.

ಹುಡುಗಿಯರಿಗೆ ನಿಜ ಹೇಳಿದೆ. ಚೀಲದಲ್ಲಿ ದೋಷವಿರಲಿಲ್ಲ, ನಾನೇ ಅಂಜಿ ಬಿಚ್ಚಿದೆ ಎಂದೆ. ಒಬ್ಬಳು ಸೂಜಿ ತಂದು ನನ್ನ ಪಕ್ಕ ಕುಳಿತಳು.

ನೀನು ಬರೆದ ಕಾಗದವನ್ನು ಎರಡು ಸಲ ಓದಿದೆ. ಓರೆಯಿಲ್ಲ.

ನಿನ್ನ ಅವ್ವ

•

ವಾಡಿ
23 ಮಾರ್ಚ್ 2025

ಅವ್ವಾ, ಜೈ ಭೀಮ್.

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ಏನೂ ಇರಲಿಲ್ಲ. ನಿನಗೆ ಆ ಕಾಗದ ಬರೆದ ಮಾರನೆಯ ದಿನವೇ ನಾನು ರಾವೂರ ಖಣಿಗೆ ಹೋಗಿ, ನಾಳೆಯಿಂದ ಹಣಮಮ್ಮಾಯಿಯ ರೊಟ್ಟಿ ಬರುತ್ತದೆ, ಬೇರೆ ಕಡೆ ಹೇಳಬೇಡಿ ಎಂದು ಹೇಳಿ ಬಂದೆ. ಆಯಿಯನ್ನು ಕೇಳಿರಲಿಲ್ಲ. ಬಂದು ಅವಳ ಒಲೆ ಹಚ್ಚಿದೆ. ಅವಳು ಮಂಚದ ಮೇಲಿಂದ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ನನ್ನ ರೊಟ್ಟಿ ನೋಡಿ ತಡೆಯಲಾಗದೆ, "ಅಂಚು ದಪ್ಪ ಆಗಾಕತ್ತಾವ" ಎಂದಳು. ಅದಾದ ಮೇಲೆ ಬಹಳ ದಿನ ಅಷ್ಟೇ ಮಾತು. ಉಪ್ಪು ಕಮ್ಮಿ. ಬೆಂಕಿ ಜಾಸ್ತಿ. ಡಬ್ಬಿ ಮುಚ್ಚು.

ಹೊಸ ಚೀಲ ಹೊಲಿದೆ. ಸೇಡಂನಿಂದ ಮಶೀನು ತರಿಸಿದೆ, ಕ್ಯಾನ್ವಾಸ್ ನೆನೆಸಿ ಮಾಳಿಗೆಯ ಮೇಲೆ ಬಿಸಿಲಲ್ಲಿ ಒಣಗಿಸಿದೆ, ಪಟ್ಟಿಯನ್ನು ತಳದಡಿ ಸುತ್ತಿ ತಂದೆ. ಮಶೀನು ಎಳೆಯದ ಕಡೆ ಕೈಯಿಂದಲೇ ಹೊಲಿದೆ. ಆಯಿಯ ಮುಂದೆ ಇಟ್ಟೆ. ಅವಳು ಒಳಗೆ ಬಗ್ಗಿಯೂ ನೋಡಲಿಲ್ಲ. "ನೀನೇ ಹೊತ್ಕೊಂಡ್ ಹೋಗು ಅದರಾಗ" ಎಂದಳು. ಅಂದಿನಿಂದ ಬಿಸಿ ಬ್ಯಾಳಿಯ ಡಬ್ಬಿಯನ್ನು ಅದರಲ್ಲೇ ಇಟ್ಟು, ನನ್ನ ಕಾಲಿನ ಪಕ್ಕದಲ್ಲೇ ಹಿಡಿದುಕೊಂಡು ನಡೆದಿದ್ದೇನೆ. ಮೊದಲ ವಾರ ಹೆಜ್ಜೆ ಹೆಜ್ಜೆಗೂ ಹಿಡಿಕೆಯ ಬುಡ ನೋಡುತ್ತಿದ್ದೆ. ಟಂಟಂ ತಗ್ಗಿಗೆ ಬಿದ್ದಾಗಲೆಲ್ಲ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದೆ. ಅಷ್ಟು ಭಾರ ಅದು ಎಂದು ನನಗೆ ಗೊತ್ತೇ ಇರಲಿಲ್ಲ ಅವ್ವ. ಚೀಲ ಹೊಲಿಯುವವಳು ನಾನು, ಒಂದು ದಿನವೂ ಹೊತ್ತಿರಲಿಲ್ಲ.

ಹೋಳಿಯ ಹೊತ್ತಿಗೆ ಆಯಿ ಅಂಗಳದಲ್ಲಿ ನಡೆಯತೊಡಗಿದಳು. ಬಲಗಾಲಿನ ತೊಗಲು ಬೆಳ್ಳಗಾಗಿ ಬಿಗಿದುಕೊಂಡಿದೆ, ಅದು ಹಾಗೇ ಉಳಿಯುತ್ತದಂತೆ. ಅದನ್ನು ನಾನು ದಿನಾ ನೋಡುತ್ತೇನೆ. ಸೇಡಂಗೆ ಹೋದ ಮೇಲೂ ನೋಡುತ್ತಿರುತ್ತೇನೆ ಎಂದು ತಿಳಿದಿದೆ.

ನಿನ್ನೆ ಡಬ್ಬಿ ತುಂಬಿ ಹೊರಟೆ. ಓಣಿಯ ತಿರುವಿನಲ್ಲಿ ಹಿಂದೆ ಯಾರೋ ಬಂದ ಸಪ್ಪಳ. ಆಯಿ. ಕುಂಟುತ್ತಾ, ಸೆರಗು ಬಿಗಿದುಕೊಂಡು ಬಂದು ನನ್ನ ಪಕ್ಕ ನಿಂತಳು. ನಾನು ಅವಳನ್ನೇ ನೋಡಿದೆ.

"ಏನ್ ನೋಡ್ತಿ? ಒಂದ್ ಹಿಡಕಿ ಇತ್ಲಾಗ ಕೊಡು."

"ಬ್ಯಾಡ ಆಯಿ, ಭಾಳ ಭಾರ ಅದ. ಬಿಸಿ ಅದ."

"ಭಾರ ನನಗ ಹೇಳ್ತಿ?" ಎಂದು ಒಂದು ಹಿಡಿಕೆ ಕಸಿದುಕೊಂಡಳು.

ಚೀಲವನ್ನು ನಡುವೆ ಹಿಡಿದು ಇಬ್ಬರೂ ಟಂಟಂ ನಿಲ್ಲುವಲ್ಲಿಗೆ ನಡೆದೆವು. ಅವಳ ಹೆಜ್ಜೆ ಸಣ್ಣದು, ನಾನೂ ಸಣ್ಣ ಹೆಜ್ಜೆ ಹಾಕಿದೆ. ಅವಳ ಕೈ ನೋಡಿದೆ ಅವ್ವ, ಒಂದು ಚೂರೂ ನಡುಗಲಿಲ್ಲ. ರಾವೂರದಲ್ಲಿ ಇಳಿಯುವಾಗ ನಾನೇ ಅಂಜಿದೆ, ಅವಳು ಅಂಜಲಿಲ್ಲ. ಖಣಿಯ ಮಂದಿ ಅವಳನ್ನು ಕಂಡು ಎದ್ದು ನಿಂತು, "ಬರ್ರಿ ಹಣಮಮ್ಮ, ಕುಂದ್ರಿ" ಎಂದರು. ಕುಳಿತುಕೊಳ್ಳಲಿಲ್ಲ. ತಾನೇ ಬಡಿಸಿದಳು. ನನ್ನ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾ, "ಈ ಹುಡುಗಿ ಮಾಡ್ಯಾಳ, ಹ್ಯಾಂಗ್ ಅವ ಹಾಂಗ್ ತಿನ್ನಿ" ಎಂದಳು.

ಬರುವಾಗ ಖಾಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಮಾಫ್ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ, ನಾನೂ ಕೇಳಲಿಲ್ಲ. ವಾಡಿ ಹತ್ತಿರ ಬಂದಾಗ ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮವ್ವಗ ಬರಿ, ಬಾ ಅಂತ. ಬಂದ್ರ ಹತ್ರ ಕುಂದ್ರಿಸ್ಕೊಂಡು ಬೈತೀನಿ ಅಂತನೂ ಬರಿ."

ಬರೆದಿದ್ದೇನೆ. ಪರೀಕ್ಷೆ ಮುಗಿದ ಕೂಡಲೇ ಬಾ ಅವ್ವ. ನೀನು ಬರುವತನಕ ನಾನು ಇಲ್ಲೇ ಇರುತ್ತೇನೆ, ಇಬ್ಬರೂ ಕೂಡಿಯೇ ಬೈಸಿಕೊಳ್ಳೋಣ.

ನಿನ್ನ ಮಗಳು
ರಾಧಿಕಾ